ಐಸ್ ಮೇಲಿನ ಬಾಡಿಗೆ ಮನೆ: ಬೆಳಗ್ಗೆ ಫುಲ್ ಮಾರ್ಕ್ಸ್, ಸಂಜೆ ಸೊನ್ನೆ

ನಾನು ಹಾಸನ ಡಿಪೋದಲ್ಲಿ 31 ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವನು. ಅರ್ಧ ಆಯಸ್ಸು ಶಿರಾಡಿ ಘಾಟಿಯಲ್ಲೇ ಕಳೆಯಿತು. ಹಾಗಾಗಿ ಇಲ್ಲಿ ಮೀನಿಗಿಂತ ರಸ್ತೆ ವಿಷಯವೇ ಜಾಸ್ತಿ ಇರುತ್ತದೆ, ಬೇಜಾರು ಮಾಡ್ಕೋಬೇಡಿ.

ಮಗಳ ಮನೆ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ. ಫೆಬ್ರವರಿಯಲ್ಲಿ ಅಳಿಯಂದಿರು, ಅವರ ಇಬ್ಬರು ಸ್ನೇಹಿತರು, ನಾನು ಮಿಲ್ ಲ್ಯಾಕ್ಸ್ ಕೆರೆಗೆ ಹೋದೆವು. ಉತ್ತರಕ್ಕೆ ಎರಡು ಗಂಟೆ ದಾರಿ. ಕೆರೆ ಅಂದರೆ ನಮ್ಮೂರ ಕೆರೆ ಅಂದುಕೊಳ್ಳಬೇಡಿ. 530 ಚದರ ಕಿಲೋಮೀಟರಿಗೂ ಜಾಸ್ತಿ ಇದೆ, ಆಚೆ ದಡ ಕಾಣುವುದೇ ಇಲ್ಲ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ದಡದ ರೆಸಾರ್ಟಿನವರು ಪುಟ್ಟ ಪುಟ್ಟ ಮನೆಗಳನ್ನು ಐಸ್ ಮೇಲೆ ಎಳೆದೊಯ್ದು ನಿಲ್ಲಿಸುತ್ತಾರೆ. ಒಳಗೆ ಗ್ಯಾಸ್ ಹೀಟರ್, ಎರಡು ಬೆಂಚು, ನೆಲದಲ್ಲಿ ತೂತು. ತೂತಿಗೆ ಗಾಳ ಬಿಟ್ಟು ಕೂರುವುದು, ಅಷ್ಟೇ. ನಾಲ್ಕು ಜನಕ್ಕೆ ಒಂದು ದಿನಕ್ಕೆ 240 ಡಾಲರ್ ಆಯಿತು. ಮನೆವರೆಗೆ ಐಸ್ ಮೇಲೆ ಕಾರು ಓಡಿಸುವ ರಸ್ತೆಯ ಫೀಸ್ ಅದರಲ್ಲೇ ಸೇರಿತ್ತು, ಮೀನು ಹಿಡಿಯುವ ಲೈಸೆನ್ಸ್ ಬೇರೆ. ರೆಸಾರ್ಟಿನ ಹೆಸರು ಬರೆಯುವುದಿಲ್ಲ.

ಬೆಳಗ್ಗೆ ಗೇಟಿನಲ್ಲಿದ್ದ ಮನುಷ್ಯನಿಗೆ ಫುಲ್ ಮಾರ್ಕ್ಸ್. ದಡ ಇಳಿಯುವ ಮೊದಲೇ ಕಾರು ನಿಲ್ಲಿಸಿ ಮೂರು ಮಾತು ಹೇಳಿದ. ಸೀಟ್ ಬೆಲ್ಟ್ ಬಿಚ್ಚಿ. ಗ್ಲಾಸ್ ಇಳಿಸಿ. ಗಂಟೆಗೆ 10 ಮೈಲಿ ಮೀರಬೇಡಿ. ಜೀವಮಾನವೆಲ್ಲಾ ಬೆಲ್ಟ್ ಹಾಕಿ ಹಾಕಿ ಅಂತ ಕೇಳಿದವನಿಗೆ ಹೇಗಾಗಬೇಡ! ಆದರೆ ಲೆಕ್ಕ ಸರಿಯಾಗಿದೆ. ಕಾರು ನೀರಿಗೆ ಬಿದ್ದರೆ ಹೊರಗೆ ಬರಲು ಸಿಗುವುದು ಸ್ವಲ್ಪವೇ ಹೊತ್ತು, ಆಗ ಬೆಲ್ಟ್ ಹುಡುಕುತ್ತಾ ಕೂರೋಕಾಗಲ್ಲ. ನಿಧಾನಕ್ಕೂ ಕಾರಣ ಇದೆ. ಕಾರಿನ ಭಾರಕ್ಕೆ ಐಸ್ ಬಗ್ಗುತ್ತದೆ, ಕೆಳಗಿನ ನೀರಲ್ಲಿ ಅಲೆ ಏಳುತ್ತದೆ. ಜೋರಾಗಿ ಓಡಿಸಿದರೆ ಆ ಅಲೆಯೇ ಐಸನ್ನು ಒಡೆಯುತ್ತದೆ, ದಡದ ಹತ್ತಿರವಂತೂ ಇನ್ನೂ ಅಪಾಯ. ಮೈನಸ್ 17 ಡಿಗ್ರಿಯಲ್ಲಿ ಗ್ಲಾಸ್ ಇಳಿಸಿಕೊಂಡು ಹೋದೆವು. ಕಿವಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಂಡೆ.

ಬೋರ್ಡಿನಲ್ಲಿ ಐಸ್ 18 ಇಂಚು ಅಂತ ಬರೆದಿತ್ತು. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಮನುಷ್ಯ ನಡೆಯಲು 4 ಇಂಚು, ಸಣ್ಣ ಕಾರಿಗೆ 9ರಿಂದ 10, ನಮ್ಮಂಥ ಎಸ್‌ಯುವಿಗೆ 11ರಿಂದ 12 ಇರಬೇಕು. ಇದು ತಿಳಿಯಾದ ಗಟ್ಟಿ ಐಸಿಗೆ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಐಸಾದರೆ ಎರಡರಷ್ಟು ಬೇಕು. ಮಧ್ಯೆ ಒಂದು ಕಡೆ ಬಿರುಕು ಇತ್ತು, ಅದರ ಮೇಲೆ ಮರದ ಸೇತುವೆ ಹಾಕಿದ್ದರು, ಎರಡು ಕಡೆ ಕಿತ್ತಳೆ ಕೋನ್ ಇಟ್ಟಿದ್ದರು. ಅಚ್ಚುಕಟ್ಟಾಗಿತ್ತು.

ಮನೆ ಬೆಚ್ಚಗಿತ್ತು. ಮೀನು? ಬೆರಳುದ್ದದ ಎರಡು ಪರ್ಚ್, ವಾಪಸ್ ಬಿಟ್ಟೆವು. ಆದರೆ ಸದ್ದು ಮಾತ್ರ ಮರೆಯಲ್ಲ. ಕುಳಿತಲ್ಲೇ ಕೆಳಗಿನಿಂದ ‘ಢಂ’ ಅಂತ ಬರುತ್ತದೆ, ಫುಲ್ ಲೋಡಿನಲ್ಲಿ ಬಸ್ಸಿನ ಪಟ್ಟಾ ಮುರಿದ ಹಾಗೆ. ನಾನು ಎದ್ದು ನಿಂತೆ. ‘ಐಸ್ ದಪ್ಪ ಆಗ್ತಾ ಇದೆ ಮಾವ, ಕೂತ್ಕೊಳಿ’ ಅಂದರು ಅಳಿಯಂದಿರು.

ಕಾರನ್ನು ಬೇರೆ ಗಾಡಿಗಳಿಂದ 50 ಅಡಿ ದೂರ ನಿಲ್ಲಿಸಿ, ಎರಡು ಗಂಟೆಗೊಮ್ಮೆ ಜಾಗ ಬದಲಿಸಬೇಕು. ಒಂದೇ ಕಡೆ ನಿಂತ ಭಾರಕ್ಕೆ ಐಸ್ ಮೆಲ್ಲಗೆ ಕುಸಿಯುತ್ತದೆ. ಗೊತ್ತಾಗುವುದು ಹೇಗೆ? ಕಾರಿನ ಪಕ್ಕ ಒಂದು ತೂತು ಕೊರೆಯಬೇಕು. ನೀರು ಉಕ್ಕಿ ಐಸ್ ಮೇಲೆ ಹರಿದರೆ ತಕ್ಷಣ ಗಾಡಿ ತೆಗೆಯಬೇಕು. ಈ ಕೆಲಸ ನಾನೇ ಕೇಳಿ ತಗೊಂಡೆ. ಅರ್ಧ ಗಂಟೆಗೊಮ್ಮೆ ಹೋಗಿ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ನೋಡುವ ಹಾಗೆ, ಬಗ್ಗಿ ತೂತು ನೋಡುತ್ತಿದ್ದೆ.

ಸಂಜೆ ಐದಕ್ಕೆ ಹೊರಟೆವು. ಗಾಳಿ ಜೋರಾಗಿತ್ತು. ಬೆಳಗ್ಗೆ ಬಂದ ಜಾಡಿನಲ್ಲೇ ವಾಪಸ್. ಮುಂದೆ ಚಕ್ರದ ಗುರುತು ಇದೆ, ಅದರಾಚೆ ಬಣ್ಣ ಬೇರೆ. ಹಿಮ ಬಿಳಿ ಅಲ್ಲ, ಒದ್ದೆ ಗೋಣಿಚೀಲದ ಬಣ್ಣ. ಕೋನ್ ಇಲ್ಲ. ‘ನಿಲ್ಸಿ, ಮೆಲ್ಲಗೆ, ಬ್ರೇಕ್ ಒತ್ತಬೇಡಿ’ ಅಂದೆ. ಕಾರು ತಾನೇ ನಿಂತಿತು. ನೋಡಿದರೆ ಸೇತುವೆ ಇಲ್ಲ. ನಮ್ಮಿಂದ ಎರಡು ಬಸ್ಸಿನುದ್ದ ದೂರದಲ್ಲಿ ಬಿರುಕು ಬಾಯಿ ಬಿಟ್ಟಿದೆ, ಕಪ್ಪು ನೀರು ಅಲುಗಾಡುತ್ತಿದೆ. ನಾವು ಮೂವರು ಇಳಿದು ದೂರ ದೂರ ನಡೆದೆವು, ಅಳಿಯಂದಿರು ಬಂದ ಜಾಡಿನಲ್ಲೇ ರಿವರ್ಸ್ ತೆಗೆದರು.

ರೆಸಾರ್ಟಿಗೆ ನಾಲ್ಕನೇ ಸಲ ಫೋನ್ ಮಾಡಿದಾಗ ಎತ್ತಿದರು. ಬಿರುಕು ಅಗಲ ಆಗಿದ್ದಕ್ಕೆ ಮಧ್ಯಾಹ್ನವೇ ಸೇತುವೆಯನ್ನು ಅರ್ಧ ಮೈಲಿ ಆಚೆ ಹಾಕಿದರಂತೆ. ನಮಗೆ ಹೇಳಿದವರು ಯಾರೂ ಇಲ್ಲ. ಬುಕ್ಕಿಂಗ್‌ನಲ್ಲಿ ಮೊಬೈಲ್ ನಂಬರ್ ಇದೆ, ಒಂದು ಮೆಸೇಜ್ ಹಾಕೋಕೆ ಏನು ಕಷ್ಟ? ಹಳೇ ಜಾಡಿಗೆ ಅಡ್ಡ ಒಂದು ಕೋಲು ನೆಟ್ಟಿದ್ದರೂ ಸಾಕಿತ್ತು. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಗುಂಡ್ಯದಲ್ಲೇ ತಡೆದು ಹೇಳುತ್ತಾರೆ. ಮಿಲ್ ಲ್ಯಾಕ್ಸ್ ಇರುವ ಮಿನ್ನೆಸೋಟ ರಾಜ್ಯದ್ದೇ ಇನ್ನೊಂದು ಕೆರೆ ಅಪ್ಪರ್ ರೆಡ್ ಲೇಕಿನಲ್ಲಿ 2023ರ ಡಿಸೆಂಬರಿನಲ್ಲಿ ಐಸ್ ಕಿತ್ತುಕೊಂಡು ನೂರಕ್ಕೂ ಜಾಸ್ತಿ ಜನ ಆಚೆ ಸಿಕ್ಕಿಹಾಕಿಕೊಂಡಿದ್ದರು, ಅವರನ್ನು ಕಾಪಾಡಿ ಕರೆತರಬೇಕಾಯಿತು. ಅದೆಲ್ಲ ಗೊತ್ತಿರುವವರೇ ಹೀಗೆ ಮಾಡಿದರೆ?

ಬೇರೊಂದು ಪಿಕಪ್ ಬಂದು ದಾರಿ ತೋರಿಸುವಾಗ ಕತ್ತಲಾಗಿತ್ತು. ಆಫೀಸಿನಲ್ಲಿ ಸಾರಿ ಅಂದರು, 40 ಡಾಲರ್ ವಾಪಸ್ ಕೊಟ್ಟರು. ಕಾರು ಮುಳುಗಿದ್ದರೆ ಮೂವತ್ತು ದಿನದೊಳಗೆ ಅದನ್ನು ಮೇಲೆತ್ತಿಸುವ ಜವಾಬ್ದಾರಿಯೂ ಇಲ್ಲಿ ಕಾರಿನ ಮಾಲೀಕರದ್ದೇ ಅಂತ ಅಳಿಯಂದಿರು ವಾಪಸ್ ಬರುವಾಗ ಹೇಳಿದರು.

ಮನೆಗೆ 5ರಲ್ಲಿ 4, ಹೀಟರಿಗೆ 5, ಬೆಳಗಿನ ಗೇಟ್ ಮನುಷ್ಯನಿಗೆ 5. ಸಂಜೆಯ ದಾರಿಗೆ ಸೊನ್ನೆ. ಹೋಗುವವರು ಹೊರಡುವ ಮುಂಚೆ ಫೋನ್ ಮಾಡಿ ‘ಸೇತುವೆ ಈಗ ಎಲ್ಲಿದೆ’ ಅಂತ ಕೇಳಿ. ಎತ್ತದಿದ್ದರೆ ಹೀಟರ್ ಮುಂದೆ ಕೂತಿರಿ, ಗ್ಯಾಸ್ ಬೇಕಾದಷ್ಟು ಇರುತ್ತದೆ.