ಓಡುವ ಬಾಟಲಿ, ನಿಧಾನದ ಕಣ್ಣು: ಥರ್ಮಲ್ ಕ್ಯಾಮೆರಾದೊಂದಿಗೆ ಮೂರು ವರ್ಷ

ತಮಿಳುನಾಡಿನ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಎಂಜಿನ್ ಆಯಿಲನ್ನು ಬಾಟಲಿಗೆ ತುಂಬಿ ಮುಚ್ಚುವ ಸಣ್ಣ ಘಟಕ ನಮ್ಮದು. ಯಂತ್ರಗಳ ನಿರ್ವಹಣೆ ನನ್ನ ಪಾಲಿನ ಕೆಲಸ. ವಸ್ತುಗಳ ಬಿಸಿಯನ್ನು ಚಿತ್ರವಾಗಿ ತೋರಿಸುವ ಈ ಥರ್ಮಲ್ ಕ್ಯಾಮೆರಾ ಕೊಂಡು ಮೂರು ವರ್ಷ ದಾಟಿತು. ತಯಾರಕರ ಹೆಸರು ಬರೆಯುವುದಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ತೊಂದರೆ ಒಬ್ಬರ ಮಾಲಿನದಲ್ಲ, ಈ ಜಾತಿಯ ಎಲ್ಲ ಕ್ಯಾಮೆರಾಗಳದ್ದು. ಜಾತಿ ಯಾವುದೆಂದರೆ, 320×240 ಪಿಕ್ಸೆಲ್‌ಗಳ, ತಂಪು ಮಾಡುವ ಯಂತ್ರವಿಲ್ಲದ ಮೈಕ್ರೋಬೋಲೋಮೀಟರ್ ಸೆನ್ಸರ್ ಇರುವ, ಕೈಯಲ್ಲಿ ಹಿಡಿಯುವ ಅಥವಾ ಸ್ಟ್ಯಾಂಡಿಗೆ ಬಿಗಿಯುವ ಕ್ಯಾಮೆರಾ.

ಕೊಂಡ ಕಾರಣ ಒಂದೇ. ಬಾಟಲಿಯ ಮುಚ್ಚಳದೊಳಗೆ ಅಲ್ಯೂಮಿನಿಯಂ ಫಾಯಿಲ್ ಇರುತ್ತದೆ. ಇಂಡಕ್ಷನ್ ಸೀಲಿಂಗ್ ಯಂತ್ರದ ಕೆಳಗೆ ಹಾಯುವಾಗ ಆ ಫಾಯಿಲ್ ಕಾಯ್ದು, ಅದರಡಿಯ ಪ್ಲಾಸ್ಟಿಕ್ ಪದರ ಕರಗಿ ಬಾಟಲಿಯ ಬಾಯಿಗೆ ಅಂಟಿಕೊಳ್ಳುತ್ತದೆ. ಸರಿಯಾಗಿ ಅಂಟಿದ್ದರೆ ಮುಚ್ಚಳದ ಮೇಲಿನಿಂದ ನೋಡಿದಾಗ ಬಿಸಿಯ ಉಂಗುರವೊಂದು ಪೂರ್ತಿಯಾಗಿ ಕಾಣುತ್ತದೆ. ಎಲ್ಲಾದರೂ ಉಂಗುರ ಕಡಿದಿದ್ದರೆ ಅಲ್ಲಿ ಸೋರುತ್ತದೆ. ಒಂದು ಬಾಟಲಿ ಸೋರಿದರೆ ಇಡೀ ಪೆಟ್ಟಿಗೆ ವಾಪಸು ಬರುತ್ತದೆ, ಜೊತೆಗೆ ವ್ಯಾಪಾರಿಯ ಬೈಗುಳವೂ.

ಮಾರಲು ಬಂದವರು ನಿಂತಿದ್ದ ಬಾಟಲಿಯ ಮೇಲೆ ಕ್ಯಾಮೆರಾ ಹಿಡಿದು ತೋರಿಸಿದರು. ಕೋಡುಬಳೆಯಂತೆ ದುಂಡಗೆ, ಹೊಳೆಯುವ ಉಂಗುರ. ನಾವು ಮರುಳಾದೆವು. ‘ನಿಮ್ಮದು ವೇಗದ ಲೈನು, ಸೆಕೆಂಡಿಗೆ 9 ಫ್ರೇಮಿನದು ಸಾಲದು, 60 ಫ್ರೇಮಿನದನ್ನೇ ತೆಗೆದುಕೊಳ್ಳಿ’ ಎಂದರು. ಹೆಚ್ಚಿಗೆ ಹಣ ಕೊಟ್ಟು ಅದನ್ನೇ ತೆಗೆದುಕೊಂಡೆವು. ಲೈನು ಓಡಿಸಿದ ಮೊದಲ ದಿನವೇ ಕೋಡುಬಳೆ ಹೋಗಿ ಧೂಮಕೇತು ಬಂತು. ಪ್ರತಿ ಮುಚ್ಚಳದ ಹಿಂದೆ ಒಂದು ಬಾಲ.

ಫೋಟೋ ಕ್ಯಾಮೆರಾದ ಅಭ್ಯಾಸವಿರುವ ಯಾರಿಗಾದರೂ ಶಟರ್ ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದೇ ತೋಚುತ್ತದೆ. ನಾನೂ ಎರಡು ದಿನ ಮೆನುವಿನಲ್ಲಿ ಅದನ್ನೇ ಹುಡುಕಿದೆ. ಅಂಥ ಆಯ್ಕೆಯೇ ಇಲ್ಲ, ಇರಲು ಸಾಧ್ಯವೂ ಇಲ್ಲ. ಈ ಸೆನ್ಸರ್‌ನ ಒಂದೊಂದು ಪಿಕ್ಸೆಲ್ಲೂ ಎದುರಿನ ಶಾಖ ತಾಗಿ ತಾನೇ ಕಾಯುವ, ತಾನೇ ಆರುವ ಒಂದು ಪುಟ್ಟ ಹಂಚು. ಕಾಯಲು ಅದಕ್ಕೆ ಹೊತ್ತು ಬೇಕು. ದೀಪದ ಕುಡಿಯಲ್ಲಿ ಬೆರಳನ್ನು ಸರಕ್ಕನೆ ಹಾಯಿಸಿದರೆ ಸುಡುವುದಿಲ್ಲವಲ್ಲ, ಹಾಗೆ. ಬೆಂಕಿ ಬಿಸಿಯಾಗಿಯೇ ಇದೆ, ಬೆರಳಿಗೆ ಅದು ತಿಳಿಯುವಷ್ಟರಲ್ಲಿ ದಾಟಿ ಹೋಗಿರುತ್ತದೆ.

ಕಾಯಲು ಬೇಕಾದ ಈ ಹೊತ್ತಿಗೆ ಕಾಲ ಸ್ಥಿರಾಂಕ ಎನ್ನುತ್ತಾರೆ. ಇಂಥ ಸೆನ್ಸರ್‌ಗಳಲ್ಲಿ ಅದು ಸಾಮಾನ್ಯವಾಗಿ 8ರಿಂದ 15 ಮಿಲಿಸೆಕೆಂಡು. ನಮ್ಮದರ ವಿವರಪಟ್ಟಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 12 ಎಂದಿದೆ. ಅಷ್ಟು ಹೊತ್ತಿನಲ್ಲಿ ಪಿಕ್ಸೆಲ್ ನಿಜವಾದ ಬೆಲೆಯ ಶೇ. 63ರಷ್ಟನ್ನು ಮಾತ್ರ ಮುಟ್ಟುತ್ತದೆ. ಶೇ. 95 ಮುಟ್ಟಲು ಅದರ ಮೂರು ಪಟ್ಟು ಹೊತ್ತು ಬೇಕು. ಸೆಕೆಂಡಿಗೆ 60 ಫ್ರೇಮ್ ತೆಗೆದರೆ ಆ ಹಂಚು ಬೇಗ ಕಾಯುವುದಿಲ್ಲ. ಅರೆಗಾಯ್ದ ಹಂಚಿನ ಚಿತ್ರಗಳು ಹೆಚ್ಚು ಸಿಗುತ್ತವೆ, ಅಷ್ಟೆ. ಹೆಚ್ಚಿಗೆ ಕೊಟ್ಟ ಹಣದ ಬಗ್ಗೆ ಇನ್ನೇನು ಹೇಳಲಿ.

ನಮ್ಮ ಕನ್ವೇಯರ್‌ನ ವೇಗ ನಿಮಿಷಕ್ಕೆ 24 ಮೀಟರ್, ಅಂದರೆ ಮಿಲಿಸೆಕೆಂಡಿಗೆ 0.4 ಮಿ.ಮೀ. ಉಂಗುರದ ದಪ್ಪ ಸುಮಾರು 3 ಮಿ.ಮೀ. ಅದು ಒಂದು ಬಿಂದುವನ್ನು ಏಳೂವರೆ ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಲೆಕ್ಕ ಹಾಕಿದರೆ ಪಿಕ್ಸೆಲ್ ನಿಜವಾದ ಬಿಸಿಯ ಅರ್ಧವನ್ನೂ ಮುಟ್ಟಿರುವುದಿಲ್ಲ. ಚಿತ್ರ ಮಸುಕಾದರೆ ಕಣ್ಣಿಗೆ ಅಸಹ್ಯ, ಸಹಿಸಬಹುದು. ಇಲ್ಲಿ ಅಂಕಿಯೇ ಸುಳ್ಳಾಗುತ್ತದೆ, ಅದೂ ಯಾವಾಗಲೂ ಕಡಿಮೆಯ ಕಡೆಗೆ.

ಇದಕ್ಕಿಂತ ಮೋಸದ ಸಂಗತಿ ನಮಗೆ ತಿಳಿದದ್ದು ಎರಡು ತಿಂಗಳ ನಂತರ. ಉಂಗುರದ ಎಡ ಬಲ ಬದಿಗಳು ಓಟದ ದಿಕ್ಕಿನಲ್ಲೇ ಉದ್ದಕ್ಕೆ ಇರುವುದರಿಂದ ಪಿಕ್ಸೆಲ್‌ಗಳ ಎದುರು ಹೆಚ್ಚು ಹೊತ್ತು ಇರುತ್ತವೆ, ಚೆನ್ನಾಗಿ ಕಾಣುತ್ತವೆ. ಮುಂದಿನ ಹಿಂದಿನ ಬದಿಗಳು ಅಡ್ಡಲಾಗಿ ಹಾಯುವುದರಿಂದ ಮಂಕಾಗುತ್ತವೆ. ಹೀಗಾಗಿ ಒಳ್ಳೆಯ ಬಾಟಲಿಯೂ ಹಿಂದೆ ಮುಂದೆ ಕಡಿದ ಉಂಗುರದಂತೆ ಕಾಣುತ್ತಿತ್ತು. ತಿರಸ್ಕಾರ ಹೆಚ್ಚಾಯಿತೆಂದು ಮಿತಿಯನ್ನು ಸಡಿಲಿಸಿದೆವು. ಆಗ ಮುಂಬದಿಯಲ್ಲಿ ನಿಜವಾಗಿಯೂ ಅಂಟದಿದ್ದ ಬಾಟಲಿಗಳು ಪಾಸಾಗಿ ಹೋದವು. ವಾಪಸು ಬಂದ ಒಂದು ಪೆಟ್ಟಿಗೆಯ ಮುಚ್ಚಳಗಳನ್ನು ಬಿಚ್ಚಿ ಒಂದೊಂದೇ ಫಾಯಿಲ್ ಎಬ್ಬಿಸಿ ನೋಡಿದಾಗ, ಅಂಟದ ಜಾಗ ಎಲ್ಲದರಲ್ಲೂ ಓಟದ ದಿಕ್ಕಿನ ತುದಿಯಲ್ಲೇ ಇತ್ತು. ಬದಿಗಳಲ್ಲಿ ದೋಷವಿದ್ದವನ್ನು ಕ್ಯಾಮೆರಾ ಆಗಲೇ ಹಿಡಿದು ಹಾಕಿತ್ತಲ್ಲ.

ಪರಿಹಾರಕ್ಕಾಗಿ ಅಲೆದ ಕಥೆಯನ್ನು ಉದ್ದ ಮಾಡುವುದಿಲ್ಲ. ಕ್ಯಾಮೆರಾದ ಜೊತೆಗಿನ ತಂತ್ರಾಂಶದಲ್ಲಿ ಬಾಲವನ್ನು ಲೆಕ್ಕದಿಂದ ಕಳೆಯುವ ಸೌಲಭ್ಯವಿದೆ. ಪಿಕ್ಸೆಲ್ ಎಷ್ಟು ಬೇಗ ಏರುತ್ತಿದೆ ಎಂಬುದರಿಂದ ಅದು ಕೊನೆಗೆ ಎಲ್ಲಿ ನಿಲ್ಲುತ್ತಿತ್ತು ಎಂದು ಊಹಿಸುವ ಗಣಿತ ಅದು. ಗಣಿತ ಸರಿಯೇ, ಆದರೆ ಚಿತ್ರದ ಚುಕ್ಕೆ ಚುಕ್ಕೆ ಗದ್ದಲವನ್ನೂ ಅದೇ ಹಿಗ್ಗಿಸುತ್ತದೆ. ನಮ್ಮ ಮುಚ್ಚಳದ ಬಿಸಿ ಸುತ್ತಲಿಗಿಂತ ಹೆಚ್ಚೇನೂ ಇಲ್ಲದ್ದರಿಂದ ಉಂಗುರ ಮರಳಿನಲ್ಲಿ ಬರೆದಂತಾಯಿತು. ಬೆಂಗಳೂರಿನಿಂದ ಒಬ್ಬರು ತಂಪುಗೊಳಿಸಿದ ಸೆನ್ಸರ್‌ನ ಕ್ಯಾಮೆರಾವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಂದು ತೋರಿಸಿದರು. ಅದು ಇಂಡಿಯಂ ಆಂಟಿಮೊನೈಡ್ ಸೆನ್ಸರ್. ಒಳಗಿನ ಪುಟ್ಟ ಯಂತ್ರ ಅದನ್ನು ಸೊನ್ನೆಗಿಂತ ಸುಮಾರು 196 ಡಿಗ್ರಿ ಕೆಳಗೆ ಇಡುತ್ತದೆ. ಅದು ಹಂಚಿನಂತೆ ಕಾಯುವುದಿಲ್ಲ, ಬೆಳಕಿನ ಕಣಗಳನ್ನು ನೇರವಾಗಿ ಎಣಿಸುತ್ತದೆ. ಆದ್ದರಿಂದ ಎಷ್ಟು ಹೊತ್ತು ನೋಡಬೇಕೆಂದು ನಾವೇ ಹೇಳಬಹುದು, ಮಿಲಿಸೆಕೆಂಡಿಗಿಂತ ಎಷ್ಟೋ ಕಡಿಮೆಗೆ ಕೂಡ. ಬಾಟಲಿ ಓಡುತ್ತಲೇ ಇತ್ತು, ಪರದೆಯ ಮೇಲೆ ನಿಂತಂತಿತ್ತು. ಬೆಲೆ ಕೇಳಿದೆವು. ಕಾಫಿ ಕುಡಿಸಿ ಕಳುಹಿಸಿದೆವು.

ದಾರಿ ತೋರಿಸಿದ್ದು ಪ್ಯಾಕಿಂಗಿನಲ್ಲಿರುವ ಬಾಗಲೂರಿನ ಅಕ್ಕ. ನಾನು ಮೂರನೆಯ ಬಾರಿ ಸ್ಟ್ಯಾಂಡನ್ನು ಎತ್ತರಿಸುತ್ತಿದ್ದಾಗ, ‘ಓಡುವ ಕಡೆ ನಿಂತು ಯಾಕೆ ಪರದಾಡುತ್ತೀರಿ ಸಾರ್, ನಮ್ಮ ಹತ್ತಿರ ಬಂದು ನೋಡಿ, ಇಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿಕೊಂಡು ಬರುತ್ತವೆ’ ಎಂದರು. ಹೌದಲ್ಲ! ಸೀಲಿಂಗ್ ಯಂತ್ರದ ಕೆಳಗೆ ಬಾಟಲಿಗಳ ನಡುವೆ ಅಂತರವಿದೆ, ಅದಕ್ಕೇ ವೇಗ. ನಿಮಿಷಕ್ಕೆ ನೂರು ಬಾಟಲಿ, ಒಂದರಿಂದ ಒಂದಕ್ಕೆ 24 ಸೆಂ.ಮೀ. ಅದೇ ನೂರು ಬಾಟಲಿಗಳು ಮೈಗೆ ಮೈ ತಾಗಿ ಹೋದರೆ, ಬಾಟಲಿಯ ಅಗಲ 7 ಸೆಂ.ಮೀ. ಆದ್ದರಿಂದ, ನಿಮಿಷಕ್ಕೆ 7 ಮೀಟರ್ ಸಾಕು. ಉತ್ಪಾದನೆ ಒಂದಿಷ್ಟೂ ಇಳಿಯುವುದಿಲ್ಲ. ಆ ವೇಗದಲ್ಲಿ ಉಂಗುರದ ಮುಂಬದಿ ಒಂದು ಬಿಂದುವನ್ನು ದಾಟಲು ಸುಮಾರು 26 ಮಿಲಿಸೆಕೆಂಡು ಹಿಡಿಯುತ್ತದೆ, ಪಿಕ್ಸೆಲ್ ಶೇ. 88ರ ತನಕ ಏರುತ್ತದೆ.

ಸೀಲಿಂಗ್ ಯಂತ್ರದ ಆಚೆಗೆ ಒಂದು ಚಿಕ್ಕ ಕನ್ವೇಯರ್ ಸೇರಿಸಿ, ಅದರ ಮೋಟಾರಿಗೆ ವೇಗ ನಿಯಂತ್ರಕ ಕೂರಿಸಿದೆವು. ಫಾಯಿಲ್‌ನ ಬಿಸಿ ಮುಚ್ಚಳವನ್ನು ದಾಟಿ ಮೇಲೆ ಬರಲು ಕೆಲವು ಸೆಕೆಂಡು ಬೇಕಾಗುವುದರಿಂದ ಸ್ವಲ್ಪ ಮುಂದೆ ಹೋಗಿ ನೋಡುವುದೇ ಒಳ್ಳೆಯದೂ ಆಯಿತು. ತೀರ ಮುಂದೆ ಹೋಗಬಾರದು. ಬಿಸಿ ಪ್ಲಾಸ್ಟಿಕ್ಕಿನಲ್ಲಿ ಹರಡಿ, ಕಡಿದ ಉಂಗುರವೂ ಕೂಡಿದಂತೆ ಕಾಣತೊಡಗುತ್ತದೆ. ನಮಗೆ ಸರಿಹೊಂದಿದ ಜಾಗದಲ್ಲಿ ನೆಲಕ್ಕೆ ಹಳದಿ ಬಣ್ಣದ ಗುರುತು ಹಾಕಿದ್ದೇವೆ.

ನನ್ನದೇ ತಪ್ಪೊಂದನ್ನೂ ಹೇಳಬೇಕು. ಮೆನುವಿನಲ್ಲಿ ಗದ್ದಲ ತಗ್ಗಿಸುವ ಫಿಲ್ಟರ್ ಇದೆ. ಅದು ಹಿಂದಿನ ಫ್ರೇಮುಗಳನ್ನು ಈಗಿನದಕ್ಕೆ ಬೆರೆಸಿ ಚಿತ್ರವನ್ನು ನಯ ಮಾಡುತ್ತದೆ. ನಿಂತ ವಸ್ತುವಿಗೆ ಅದು ವರ, ಓಡುವ ವಸ್ತುವಿಗೆ ಇನ್ನೊಂದು ಬಾಲ. ಎಂಟು ತಿಂಗಳು ಅದನ್ನು ಆಫ್ ಮಾಡಿರಲೇ ಇಲ್ಲ.

ಉಳಿದಂತೆ ಕ್ಯಾಮೆರಾ ಗಟ್ಟಿ. ವಿದ್ಯುತ್ ಪ್ಯಾನೆಲ್‌ಗಳಲ್ಲಿ ಸಡಿಲಾದ ಲಗ್‌ಗಳನ್ನು (ತಂತಿಯ ತುದಿಯನ್ನು ಬಿಗಿಯುವ ಲೋಹದ ತುಂಡುಗಳನ್ನು) ಹಿಡಿದು ಕೊಟ್ಟೇ ಅದು ತನ್ನ ಬೆಲೆ ತೀರಿಸಿದೆ. ಓಡುವ ಬೆಲ್ಟುಗಳಿಗೂ ಆಗುತ್ತದೆ: ಬೆಲ್ಟು ಉದ್ದಕ್ಕೂ ಒಂದೇ ಬಿಸಿ ಇರುವುದರಿಂದ ಮಸುಕಾದರೂ ಸರಾಸರಿ ಕೆಡುವುದಿಲ್ಲ. ಹೊಳೆಯುವ ಸ್ಟೀಲಿನ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ, ಒಂದು ತುಂಡು ಕಪ್ಪು ಟೇಪು ಅಂಟಿಸಿ ಅದನ್ನು ನೋಡಿ. ಟೇಪು ಅಂಟಿಸಿದ ಪಾತ್ರೆಯಲ್ಲಿ ನೀರು ಕುದಿಸಿ ನಾನು ವರ್ಷಕ್ಕೆರಡು ಸಲ ಪರೀಕ್ಷಿಸುತ್ತೇನೆ. ಮೊದಲ ಸಲ 96 ತೋರಿಸಿದಾಗ ಕ್ಯಾಮೆರಾ ಕೆಟ್ಟಿದೆ ಎಂದು ದೂರು ಬರೆಯಲು ಕುಳಿತಿದ್ದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ.

ಕೆಲವು ನಿಮಿಷಕ್ಕೊಮ್ಮೆ ಕ್ಯಾಮೆರಾ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಟಕ್ ಎಂದು ಒಳಮುಚ್ಚಳ ಹಾಕಿಕೊಳ್ಳುತ್ತದೆ, ಅಷ್ಟು ಹೊತ್ತು ಚಿತ್ರ ನಿಲ್ಲುತ್ತದೆ. ಆಗ ಹಾದುಹೋದ ಒಂದೆರಡು ಬಾಟಲಿಗಳನ್ನು ಅಕ್ಕ ಪಕ್ಕಕ್ಕೆ ತೆಗೆದಿಟ್ಟು ಕೈಯಿಂದ ಒತ್ತಿ ನೋಡುತ್ತಾರೆ. ಬ್ಯಾಟರಿ ಮೊದಲು ನಾಲ್ಕು ತಾಸು ಬರುತ್ತಿತ್ತು, ಈಗ ಒಂದೂವರೆ. ಹೊಸದಕ್ಕೆ ಹೇಳಿ ಆರು ವಾರವಾಯಿತು. ಅತ್ತಿಬೆಲೆ ದಾಟಿದರೆ ಬೆಂಗಳೂರು; ಅಲ್ಲಿಂದ ಇಲ್ಲಿಗೆ ಒಂದು ಬ್ಯಾಟರಿ ಬರಲು ಇಷ್ಟು ದಿನವೇಕೆ ಎಂದು ಕೇಳಿದರೆ, ಬೇರೆ ರಾಜ್ಯ ಸಾರ್ ಎನ್ನುತ್ತಾರೆ.