ಕಾಯರ್ ನೆಟ್ (ತೆಂಗಿನ ನಾರಿನ ಬಲೆ): ಒಂದು ಬೇಸಿಗೆ, ಒಂದು ಮಳೆಗಾಲ ಬಳಸಿದ ಮೇಲೆ

ನಮ್ಮ ತೋಟ ಕುಶಾಲನಗರದ ಹತ್ತಿರ. ಕೊಡಗು ಅಂದರೆ ಬರೀ ಮಳೆ ಅಂತಾರೆ. ಆದರೆ ನಮ್ಮ ಕಡೆ ಜನವರಿ ಬಂತೆಂದರೆ ನೆಲ ಒಣಗಿ ಪುಡಿಯಾಗುತ್ತದೆ. ಹೋದ ವರ್ಷ ಕಾಫಿ ಒಣಗಿಸುವ ಕಣ ಅಗಲ ಮಾಡಲು ಪಕ್ಕದ ದಿಬ್ಬ ಕಡಿಸಿದೆವು. ಗಾಳಿ ಬೀಸಿದಾಗಲೆಲ್ಲ ಆ ಕೆಂಪು ದೂಳು ಒಣಗಲು ಹಾಕಿದ ರೊಬಸ್ಟಾ ಕಾಫಿ ಮೇಲೆ ಬಂದು ಕೂರುತ್ತಿತ್ತು. ಅವ್ವನಿಗೆ ಕೆಮ್ಮು ಬೇರೆ. ನೀರು ಚಿಮುಕಿಸಿದರೆ ಮಧ್ಯಾಹ್ನದೊಳಗೆ ಆರಿಹೋಗುತ್ತಿತ್ತು. ಹಸಿರು ಶೇಡ್ ನೆಟ್ ಹಾಸಿದೆ, ಅದು ಹರಿದು ಚೂರುಗಳು ಮಣ್ಣಲ್ಲೇ ಉಳಿದವು.

ಸೇನೆಯಲ್ಲಿದ್ದಾಗ ನಾನು ಜೈಸಲ್ಮೇರ್ ಕಡೆ ಇದ್ದೆ. ಅಲ್ಲಿ ಮರಳ ದಿಬ್ಬದ ಮೇಲೆ ಗಾಳಿಗೆ ಅಡ್ಡಲಾಗಿ ಒಣ ಮುಳ್ಳುಕಂಟಿಯನ್ನು ಸಾಲಾಗಿ ಹೂಳುತ್ತಾರೆ. ನಡುವೆ ಸೇವಣ್ ಹುಲ್ಲು ಹಾಕುತ್ತಾರೆ. ಜೋಧಪುರದಲ್ಲಿ ಇಂಥ ಒಣಪ್ರದೇಶಗಳ ಬಗ್ಗೆ ಸಂಶೋಧನೆ ಮಾಡುವ ಕಾಜ್ರಿ ಸಂಸ್ಥೆ 1959ರಿಂದ ಇದೆ. ಮರಳು ಮೇಲಕ್ಕೆ ಹಾರುವುದು ಕಡಿಮೆ, ನೆಲದ ಹತ್ತಿರವೇ ಕುಪ್ಪಳಿಸುತ್ತಾ ಹೋಗುವುದು ಜಾಸ್ತಿ. ಹಾಗೆ ಬಿದ್ದ ಮರಳ ಕಾಳು ನೆಲಕ್ಕೆ ಬಡಿದಾಗ ಸಣ್ಣ ದೂಳು ಏಳುತ್ತದೆ. ತಗ್ಗಿನ ಗಾಳಿ ಕಟ್ಟಿಹಾಕಿದರೆ ಅರ್ಧ ಕೆಲಸ ಮುಗಿದಂತೆ. ಇದೇ ಯೋಚನೆಯಲ್ಲಿ, ಕಡಿಸಿದ ದಿಬ್ಬದ ಮೇಲೆ ಹಾಸಲು ತೆಂಗಿನ ನಾರಿನ ಬಲೆ ತಂದೆ. ಚದರ ಮೀಟರ್‌ಗೆ 700 ಗ್ರಾಂ ತೂಗುವಂಥದ್ದು.

ಹೇಳಲೇಬೇಕಾದ ತಕರಾರು ಗೂಟದ್ದು. ಅಂಗಡಿಯವರು ಕೊಟ್ಟ ಕಬ್ಬಿಣದ ಕೊಕ್ಕೆಗಳು ಏನೇನೂ ಸಾಲಲಿಲ್ಲ. ಬಲೆ ನೆಲಕ್ಕೆ ಅಂಟಿ ಕೂರದಿದ್ದರೆ ಗಾಳಿ ಅಡಿಯಿಂದ ನುಗ್ಗುತ್ತದೆ, ಮಣ್ಣು ಮೊದಲಿನಂತೆಯೇ ಏಳುತ್ತದೆ. ನನಗೆ ಎರಡು ವಾರ ಹಾಗೇ ಆಯಿತು. ಆಮೇಲೆ ಬಿದಿರು ಸೀಳಿ ಗೂಟ ಮಾಡಿ, ಎರಡೆರಡು ಅಡಿಗೆ ಒಂದರಂತೆ ಹೊಡೆದೆ. ಮೇಲಿನ ಅಂಚನ್ನು ಒಂದಡಿ ಕಾಲುವೆ ತೋಡಿ ಹೂತೆ. ಮೊದಲ ಮಳೆಗೆ ಬಲೆಯ ಕಣ್ಣುಗಳಲ್ಲಿ ಲಾವಂಚದ ಸಸಿ ನೆಟ್ಟೆ.

ಈಗ ಬಲೆ ಕಪ್ಪಾಗಿ ಅಲ್ಲಲ್ಲಿ ಕೊಳೆಯುತ್ತಿದೆ. ಅದು ದೋಷವಲ್ಲ. ಎರಡು ಮೂರು ವರ್ಷದಲ್ಲಿ ಮಣ್ಣಿಗೆ ಸೇರಬೇಕು, ಅಷ್ಟರಲ್ಲಿ ಲಾವಂಚದ ಬೇರು ಹಿಡಿಯಬೇಕು. ಒಂದು ಮಾತು ಮಾತ್ರ ನೆನಪಿಡಿ: ಇದು ಮೇಲ್ಮಣ್ಣು ಹಿಡಿಯುವ ಬಲೆ. 2018ರಲ್ಲಿ ನಾವೆಲ್ಲ ನೋಡಿದಂಥ ಗುಡ್ಡ ಕುಸಿತ ಇದರಿಂದ ನಿಲ್ಲುವುದಿಲ್ಲ. ದಯವಿಟ್ಟು ಮನೆ ಹಿಂದಿನ ಎತ್ತರದ ಬರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಇದನ್ನೇ ನಂಬಿ ಕೂರಬೇಡಿ.

ಈ ಜನವರಿಯಲ್ಲಿ ಕಣದ ಪಕ್ಕ ಬಿಳಿ ಪಂಚೆ ಹಾಸಿಟ್ಟೆ. ಹೋದ ವರ್ಷ ಸಂಜೆಗೆ ಕೆಂಪಾಗುತ್ತಿತ್ತು. ಈ ಸಲ ದಾರಿ ಕಡೆಯ ಅಂಚು ಮಾತ್ರ ಮಾಸಿತ್ತು. ಆ ಭಾಗಕ್ಕೆ ಇನ್ನೊಂದು ಸುರುಳಿ ಹೇಳಿದ್ದೇನೆ.