ಎಂಟು ಅಂಗುಲಕ್ಕೆ ಒಂದು ಸುತ್ತು: ಬದಲಿ ನಳಿಗೆಯೊಂದಿಗೆ ನಾಲ್ಕು ವರ್ಷ

ಈ ಬದಲಿ ನಳಿಗೆಯನ್ನು ನನ್ನ ರೈಫಲ್ಲಿಗೆ ಕೂರಿಸಿ ನಾಲ್ಕು ವರ್ಷವಾಯಿತು. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಇದುವರೆಗೆ ಅದರೊಳಗಿಂದ 3,800ಕ್ಕಿಂತ ಸ್ವಲ್ಪ ಹೆಚ್ಚು ಗುಂಡುಗಳು ಹೋಗಿವೆ. ಉದ್ದ, ತೂಕ, ಉಕ್ಕಿನ ಜಾತಿ ಮುಂತಾದವು ಮಾರುವವರ ಪುಟದಲ್ಲಿಯೇ ಇರುವುದರಿಂದ ಅವುಗಳನ್ನು ಇಲ್ಲಿ ಬಿಡುತ್ತೇನೆ. ನಾನು ಇದನ್ನು ಕೊಂಡದ್ದು ಆ ಪುಟದಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿದ್ದ 1:8 ಎಂಬ ಅಂಕಿಗಾಗಿ. ಆ ಅಂಕಿ ಕೈಕೊಟ್ಟಿಲ್ಲ. ಕೈಕೊಟ್ಟದ್ದು ನಳಿಗೆಯ ಒಳಮೈ.

ಹಳೆಯದನ್ನು ಬದಲಿಸಿದ ಕಾರಣವನ್ನು ಮೊದಲು ಹೇಳಬೇಕು. ಡೆನ್ವರ್‌ನಲ್ಲಿದ್ದಾಗ .223 ತೋಟಾದ ಹಳೆಯ ರೆಮಿಂಗ್ಟನ್ 700 ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಅದರಲ್ಲಿ 69 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ, ತೂಕದ ಗುಂಡುಗಳು ಅಷ್ಟೇನೂ ಬಿಗಿಯಾಗಿ ಕೂಡುತ್ತಿರಲಿಲ್ಲವಾದರೂ ನೂರು ಗಜದಲ್ಲಿ ನೆಟ್ಟಗೆ ಹೋಗಿ ಬೀಳುತ್ತಿದ್ದವು. ಕೆಲಸದ ನಿಮಿತ್ತ ಹ್ಯೂಸ್ಟನ್‌ಗೆ ಬಂದ ಮೇಲೆ, ಜನವರಿಯ ಒಂದು ಚಳಿಯ ಬೆಳಗ್ಗೆ, ಅದೇ ರೈಫಲ್ಲಿನಿಂದ ಅದೇ ಡಬ್ಬಿಯ ತೋಟಾಗಳನ್ನು ಹೊಡೆದು ಗುರಿಯ ಕಾಗದವನ್ನು ತರಲು ಹೋದಾಗ, ಐದರಲ್ಲಿ ಮೂರು ತೂತುಗಳು ದುಂಡಗಿರಲಿಲ್ಲ. ಬೀಗದ ಕೀಲಿಕೈ ತೂರಿಸುವ ಕಂಡಿಯಂತೆ ಉದ್ದುದ್ದವಾಗಿದ್ದವು. ಒಂದರಲ್ಲಿಯಂತೂ ಗುಂಡಿನ ಮೂತಿ, ಹೊಟ್ಟೆ, ಬುಡ ಮೂರರ ಅಚ್ಚೂ ಕಾಗದದ ಮೇಲೆ ಮೂಡಿತ್ತು. ಗುಂಡು ಅಡ್ಡಡ್ಡ ಹಾರಿ ಹೋಗಿತ್ತು. ದುರ್ಬೀನಿನ ತಿರುಪು ಸಡಿಲವಾಗಿದೆಯೆಂದು ಮೊದಲು ಅದನ್ನು ಬೈದೆ, ಆಮೇಲೆ ತೋಟಾ ಮಾಡಿದವರನ್ನು ಬೈದೆ. ಇಬ್ಬರದೂ ತಪ್ಪಿರಲಿಲ್ಲ.

ನಳಿಗೆಯ ಒಳಗೆ ಕೊರೆದ ಸುರುಳಿ ಗೀರುಗಳು ಗುಂಡನ್ನು ತಿರುಗಿಸುತ್ತವೆ ಎಂಬುದು ನನಗೆ ಗೊತ್ತಿತ್ತು, ಆದರೆ ಅದು ಎಷ್ಟು ತಿರುಗಬೇಕು ಎಂದು ನಾನು ಯೋಚಿಸಿರಲೇ ಇಲ್ಲ. ಅದಕ್ಕೆ ಕಾರಣವೂ ಇದೆ. ಮಲೆನಾಡಿನ ನಮ್ಮ ಮನೆಯಲ್ಲಿದ್ದದ್ದು ಅಜ್ಜನ ಕಾಲದ ಕೇಪಿನ ಕೋವಿ. ಅಡಿಕೆ ತೋಟಕ್ಕೆ ಮಂಗಗಳು ಬಂದಾಗ ಹೊರಗೆ ಬರುತ್ತಿದ್ದ, ಚುನಾವಣೆ ಘೋಷಣೆಯಾದಾಗ ಪೊಲೀಸ್ ಠಾಣೆಗೆ ಹೋಗುತ್ತಿದ್ದ ಆ ಕೋವಿಯ ನಳಿಗೆಯ ಒಳಗೆ ಗೀರೇ ಇರಲಿಲ್ಲ. ಚರೆ ಹೊಡೆಯುವ ಕೋವಿಗೆ ಅದರ ಅಗತ್ಯವೂ ಇಲ್ಲ. ಹಾಗಾಗಿ ಟ್ವಿಸ್ಟ್ ರೇಟ್ ಎಂಬುದನ್ನು ನಾನು ನಲವತ್ತು ದಾಟಿದ ಮೇಲೆ, ಕಾಗದದಲ್ಲಿ ಅಡ್ಡ ತೂತು ಬಿದ್ದ ಮೇಲೆ ಕಲಿತೆ.

1:12 ಎಂದರೆ ಗುಂಡು ಹನ್ನೆರಡು ಅಂಗುಲ ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. 1:8 ಎಂದರೆ ಎಂಟೇ ಅಂಗುಲದಲ್ಲಿ ಆ ಸುತ್ತು ಮುಗಿಯುತ್ತದೆ, ಅಂದರೆ ಅಂಕಿ ಸಣ್ಣದಾದಷ್ಟೂ ತಿರುಪು ಬಿರುಸು. ಹಾರುವ ಗುಂಡಿನ ಮೇಲೆ ಗಾಳಿಯ ಒತ್ತಡ ಬೀಳುವ ಬಿಂದು ಅದರ ಭಾರಕೇಂದ್ರಕ್ಕಿಂತ ಮುಂದೆ ಇರುವುದರಿಂದ, ಗಾಳಿ ಅದನ್ನು ಸದಾ ಮಗುಚಿ ಹಾಕಲು ನೋಡುತ್ತಿರುತ್ತದೆ; ವೇಗವಾಗಿ ಸುತ್ತುವ ಬುಗುರಿ ಬೀಳದಂತೆ ಸುತ್ತುವ ಗುಂಡೂ ಮಗುಚದೆ ಉಳಿಯುತ್ತದೆ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಹಿಡಿತ ಹೆಚ್ಚು, ಬೇಕಾಗುವ ಸುತ್ತೂ ಹೆಚ್ಚು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಡಬ್ಬಿಯ ಮೇಲೆ ಬರೆದಿರುವುದು ತೂಕ, ನಳಿಗೆ ಕೇಳುವುದು ಉದ್ದ. ಸೀಸವಿಲ್ಲದ ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುತ್ತದೆ. ಬೇಟೆಗೆ ಸೀಸವನ್ನು 2019ರ ಜುಲೈಯಿಂದ ಪೂರ್ತಿಯಾಗಿ ನಿಷೇಧಿಸಿರುವ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ನಿಧಾನ ತಿರುಪಿನ ರೈಫಲ್ ಇಟ್ಟುಕೊಂಡವರಿಗೆ ಇದು ನಿಜವಾದ ತೊಡಕು.

ಲಂಡನ್ನಿನ ವೂಲಿಚ್‌ನಲ್ಲಿ ಫಿರಂಗಿ ಪಡೆಯ ಅಧಿಕಾರಿಗಳಿಗೆ ಗಣಿತ ಹೇಳಿಕೊಡುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೈಬೆರಳಿನ ಲೆಕ್ಕಕ್ಕೆ ಸಾಕು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ತಿರುಪು ಅಂಗುಲಗಳಲ್ಲಿ ಸಿಗುತ್ತದೆ. ವೇಗ ಸೆಕೆಂಡಿಗೆ 2,800 ಅಡಿ ಮೀರಿದರೆ 150ರ ಬದಲು 180 ಹಿಡಿಯುವುದು ರೂಢಿ. .223ರ ಗುಂಡಿನ ವ್ಯಾಸ 0.224 ಅಂಗುಲ. ನನ್ನ ಕ್ಯಾಲಿಪರ್‌ನಲ್ಲಿ 55 ಗ್ರೇನ್ ಗುಂಡು 0.74 ಅಂಗುಲ ಇತ್ತು, 180 ಹಿಡಿದರೆ ಅದಕ್ಕೆ 12.2 ಬಂತು, ಹಳೆಯ ನಳಿಗೆಯನ್ನು ಯಾರಿಗಾಗಿ ಮಾಡಿದ್ದರೆಂಬುದು ಅಲ್ಲಿಯೇ ತಿಳಿಯಿತು. 69 ಗ್ರೇನ್ ಗುಂಡು 0.90 ಅಂಗುಲ, ಅದಕ್ಕೆ 10. ನನ್ನ ಬಳಿ ಇದ್ದದ್ದು 12. ಹಾಗಾದರೆ ಡೆನ್ವರ್‌ನಲ್ಲಿ ನಡೆದದ್ದು ಹೇಗೆ? ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಮಗುಚುವ ಬಲವೂ ಕಡಿಮೆ. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಲ್ಲರ್ ಸೂತ್ರದಲ್ಲಿ ಸ್ಥಿರತೆಯ ಅಂಕ 1ಕ್ಕಿಂತ ಕೆಳಗಿಳಿದರೆ ಗುಂಡು ಮಗುಚುತ್ತದೆ, 1.5 ಇದ್ದರೆ ನಿಶ್ಚಿಂತೆ. ನನ್ನ ಗುಂಡಿಗೆ ಡೆನ್ವರ್‌ನಲ್ಲಿ 1.1 ಇತ್ತು, ಸಮುದ್ರಮಟ್ಟಕ್ಕೆ ಅಂಟಿಕೊಂಡಿರುವ ಹ್ಯೂಸ್ಟನ್ನಿನ ದಟ್ಟ ತಣ್ಣನೆಯ ಗಾಳಿಯಲ್ಲಿ 0.9. ಅಷ್ಟು ವರ್ಷ ಅಂಚಿನ ಮೇಲೆ ನಡೆದು ಅದನ್ನೇ ರಸ್ತೆಯೆಂದುಕೊಂಡಿದ್ದೆ.

ಇದೇ ಪಾಠವನ್ನು ಅಮೆರಿಕದ ಸೇನೆಯೂ ಕಲಿತದ್ದುಂಟು. ಅದರ ಎಂ16 ರೈಫಲ್ ಮೊದಲು ಬಂದದ್ದು 1:14 ತಿರುಪಿನಲ್ಲಿ. ಕೊರೆಯುವ ಚಳಿಯ ಪರೀಕ್ಷೆಯಲ್ಲಿ ಗುಂಡು ತೂರಾಡಿದ್ದರಿಂದ ಅದನ್ನು 1:12 ಮಾಡಿದರು, 1980ರ ದಶಕದ ಎಂ16ಎ2ದಲ್ಲಿ ಹಾರುವಾಗ ಬೆಳಕಿನ ಗೆರೆ ತೋರುವ ಉದ್ದನೆಯ ಟ್ರೇಸರ್ ಗುಂಡಿಗಾಗಿ 1:7ಕ್ಕೆ ಇಳಿಸಿದರು.

ನಳಿಗೆ ಅಂಚೆಯಲ್ಲಿ ಮನೆ ಬಾಗಿಲಿಗೆ ಬಂತು. ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಎಂದರೆ ರಿಸೀವರ್, ಅಂದರೆ ನಳಿಗೆಯನ್ನು ಬಿಗಿಯುವ ಒಡಲು ಮಾತ್ರ, ನಳಿಗೆ ಬರೀ ಬಿಡಿಭಾಗ. ಊರಿನ ಪರವಾನಗಿಯ ಪುಸ್ತಕ ನೋಡಿ ಬೆಳೆದವನಿಗೆ ಇದು ಈಗಲೂ ವಿಚಿತ್ರವೆನಿಸುತ್ತದೆ. ಹಳೆಯದನ್ನು ಬಿಚ್ಚುವ ಸಾಹಸವನ್ನು ಒಂದು ಶನಿವಾರ ಪೂರ್ತಿ ಮಾಡಿ, ವ್ರೆಂಚಿನ ಮೇಲೆ ನಿಂತರೂ ಅದು ಅಲುಗದಿದ್ದಾಗ ಸೋತು ಇಲ್ಲಿನ ಒಬ್ಬ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವರ, ಬಳಿಗೆ ಒಯ್ದೆ. ಅವರು ಅರವತ್ತು ಡಾಲರ್ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಬಿಚ್ಚಿಕೊಟ್ಟರು. ಹೊಸದು ನಟ್ಟಿನಿಂದ ಬಿಗಿಯುವ, ರೆಮೇಜ್ ಎನ್ನುವ ಬಗೆಯದು. ತೋಟಾ ಕೂರುವ ಜಾಗದ ಅಳತೆಯನ್ನು ಕನಿಷ್ಠ ಅಳತೆಯ ಗೋ ಗೇಜ್ ಇಟ್ಟು ಹೊಂದಿಸಿ, ಅದಕ್ಕಿಂತ ಚೂರು ಉದ್ದದ ನೋ-ಗೋ ಗೇಜಿನ ಮೇಲೆ, ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಮುಚ್ಚುವುದಿಲ್ಲವೆಂದು ಎರಡೆರಡು ಸಲ ನೋಡಿದೆ. ನಾನು ಹೊಂದಿಸಿದ್ದನ್ನು ಗನ್‌ಸ್ಮಿತ್ ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಮೊದಲ ತೋಟಾ ಹಾಕಿದ್ದು. ಈ ಎರಡು ಗೇಜುಗಳಲ್ಲಿ ಮಾತ್ರ ಯಾರೂ ಜಿಪುಣತನ ಮಾಡಬಾರದು.

ಮೊದಲ ತಿಂಗಳುಗಳಲ್ಲಿ ಈ ನಳಿಗೆ ಕೊಟ್ಟ ಸಂತೋಷ ಸುಳ್ಳಲ್ಲ. 77 ಗ್ರೇನ್ ಗುಂಡಿಗೆ, ಅಂದರೆ ಐದು ಗ್ರಾಂ ತೂಕದ, ಸುಮಾರು ಒಂದು ಅಂಗುಲ ಉದ್ದದ ಗುಂಡಿಗೆ, ಸ್ಥಿರತೆಯ ಅಂಕ 1.7 ಬರುತ್ತದೆ. ಸೆಕೆಂಡಿಗೆ 2,750 ಅಡಿ ವೇಗದಲ್ಲಿ ಹೊರಬೀಳುವ ಅದು ಸೆಕೆಂಡಿಗೆ 4,125 ಸುತ್ತು, ನಿಮಿಷದ ಲೆಕ್ಕದಲ್ಲಿ ಎರಡು ಲಕ್ಷದ ನಲವತ್ತೇಳು ಸಾವಿರ ಸುತ್ತು ತಿರುಗುತ್ತಿರುತ್ತದೆ; ಅಡುಗೆಮನೆಯ ಮಿಕ್ಸಿ ಖಾಲಿ ತಿರುಗುವುದು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ. ನೂರು ಗಜದಲ್ಲಿ ಐದು ತೂತುಗಳು ಮುಕ್ಕಾಲು ಅಂಗುಲದೊಳಗೆ ಕೂಡಿದವು, ಎಲ್ಲವೂ ದುಂಡಗೆ.

ಆಮೇಲೆ ತಾಮ್ರದ ಕಾಟ ಶುರುವಾಯಿತು. ಗುಂಡಿನ ಹೊರಕವಚದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತಾಮ್ರ. ಈ ನಳಿಗೆಯ ಒಳಮೈಯನ್ನು ತಯಾರಕರು ಸಾಕಷ್ಟು ನಯಗೊಳಿಸಿಲ್ಲ. ಸಣ್ಣ ಬೋರ್‌ಸ್ಕೋಪ್ ಇಳಿಸಿ ನೋಡಿದರೆ ಗೀರುಗಳ ನಡುವಿನ ದಿಣ್ಣೆಗಳ ಮೇಲೆ ಉಪಕರಣದ ಅಡ್ಡ ಗುರುತುಗಳು ಅರದ ಹಲ್ಲಿನಂತೆ ಕಾಣುತ್ತವೆ, ಪ್ರತಿ ಹಲ್ಲಿನಲ್ಲೂ ಕೆಂಪು ತಾಮ್ರ ಸಿಕ್ಕಿಕೊಂಡಿರುತ್ತದೆ. ಎಪ್ಪತ್ತು ಗುಂಡು ಹೋಗುವವರೆಗೆ ಎಲ್ಲ ಸರಿ. ಅಲ್ಲಿಂದಾಚೆ ಮುಕ್ಕಾಲು ಅಂಗುಲದ ಗುಂಪು ಒಂದೂವರೆಗೆ ಹರಡುತ್ತದೆ. ಇನ್ನೂರು ಗುಂಡಾದ ಮೇಲೆ ತಾನಾಗಿಯೇ ನಯವಾಗುತ್ತದೆ ಎಂದು ತಯಾರಕರು ಉತ್ತರ ಬರೆದರು. ಇನ್ನೂರಾಯಿತು, ಎರಡು ಸಾವಿರವೂ ಆಯಿತು; ಎಪ್ಪತ್ತು ಎಂಬುದು ಎಂಬತ್ತಾಗಿದೆ, ಅಷ್ಟೇ. 380 ಡಾಲರ್ ತೆತ್ತವನು ಎರಡು ತಿಂಗಳಿಗೆ ಮೂರು ಭಾನುವಾರಗಳನ್ನೂ ತೆರಬೇಕಾಗುತ್ತದೆಂದು ಅವರು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಆ ಭಾನುವಾರಗಳು ಹೀಗಿರುತ್ತವೆ. ಗರಾಜಿನ ಬಾಗಿಲು ಅರ್ಧ ತೆರೆದು, ಕಾಫಿಯನ್ನು ದ್ರಾವಣದ ಬಾಟಲಿಯಿಂದ ದೂರವಿಟ್ಟು, ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡುತ್ತೇನೆ. ಅಮೋನಿಯದ ದ್ರಾವಣದಲ್ಲಿ ಅದ್ದಿದ ಮೊದಲ ಬಟ್ಟೆಚೂರು ಕಪ್ಪಾಗಿ ಬರುತ್ತದೆ, ಎರಡನೆಯದು ಬೂದು, ಮೂರನೆಯದು ನವಿಲುಗರಿಯ ನೀಲಿ. ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ತಳ್ಳಿದರೆ ಇನ್ನಷ್ಟು ನೀಲಿ. ಮೊದಲ ವರ್ಷ ಇದನ್ನು ನೋಡಿದ ನನ್ನ ಹೆಂಡತಿ, “ಒಂದು ಉಂಡೆ ಹುಣಸೆಹಣ್ಣು ತಗೊಂಡು ತಿಕ್ಕಿದ್ರೆ ಆಗಲ್ವೇನ್ರೀ?” ಎಂದು ಕೇಳಿದ್ದಳು. ತಂಬಿಗೆಯ ಮೇಲಿನ ಕಿಲುಬನ್ನು ಹುಣಸೆ ತೆಗೆಯುತ್ತದೆ, ತಾಮ್ರವನ್ನೇ ತೆಗೆಯುವುದಿಲ್ಲವೆಂದು ವಿವರಿಸಿದೆ; ಹಾಗಾದರೆ ತಂಬಿಗೆಯಲ್ಲೇ ಗುಂಡು ಹೊಡೆಯಬಹುದಿತ್ತು ಎಂದು ಒಳಗೆ ಹೋದಳು.

ಆದರೂ ಆ ಗಂಟೆಯಲ್ಲಿ ನಾನು ಕಾಯುವ ಒಂದು ಗಳಿಗೆಯಿದೆ. ಬಟ್ಟೆಚೂರನ್ನು ತಳ್ಳುವ ಸಲಾಕೆಯ ಹಿಡಿಯಲ್ಲಿ ಬೇರಿಂಗ್ ಇರುವುದರಿಂದ, ಬಿಗಿಯಾದ ಬಟ್ಟೆಚೂರು ಗೀರುಗಳನ್ನು ಹಿಡಿದಾಗ ಸಲಾಕೆ ತಾನಾಗಿಯೇ ತಿರುಗುತ್ತದೆ. ಅದಕ್ಕೆ ಅಂಟಿಸಿದ ಕೆಂಪು ಟೇಪಿನ ತುಣುಕು ಮೇಲಿನಿಂದ ಹೊರಟು, ಬಲಕ್ಕೆ ವಾಲಿ, ಕೆಳಗೆ ಮರೆಯಾಗಿ, ಎಡದಿಂದ ಎದ್ದು ಮತ್ತೆ ಮೇಲೆ ಬರುವಷ್ಟರಲ್ಲಿ ಸಲಾಕೆ ಒಳಗೆ ಸರಿದಿರುವುದು ಸರಿಯಾಗಿ ಎಂಟು ಅಂಗುಲ. ಮಾರುವವರ ಮಾತು ನಿಜವೋ ಎಂದು ತಿಳಿಯಲು ಯಾರು ಬೇಕಾದರೂ ಹೀಗೆ ಅಳೆಯಬಹುದು. ಬಟ್ಟೆ ಜಾರುವುದುಂಟಾದ್ದರಿಂದ ಮೂರು ಸಲ ಅಳೆದು ಸರಾಸರಿ ಹಿಡಿಯಬೇಕು. ನಾನು ಅಳೆಯುವುದನ್ನು ಎಂದೋ ಮುಗಿಸಿದ್ದೇನೆ, ನೋಡುವುದನ್ನು ನಿಲ್ಲಿಸಿಲ್ಲ.

ಇದಕ್ಕೆ ನಾನು ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯೂ ತಾಮ್ರದ ಪಾಲು. ಕೈಯಿಂದ ಉಜ್ಜಿ ನಯಗೊಳಿಸಿದ ನಳಿಗೆಗೆ ಇದರ ಎರಡರಷ್ಟು ಬೆಲೆಯಿದೆ, ತಿಂಗಳಿಗೆ ಎಂಬತ್ತು ಗುಂಡು ಹೊಡೆಯುವ ನನ್ನಂಥವನಿಗೆ ಅದು ಹೊರೆ, ವಾರವಾರ ಸ್ಪರ್ಧೆಗೆ ಹೋಗುವವರಿಗೆ ಅದೇ ಸರಿ. ಅಗ್ಗದ 55 ಗ್ರೇನ್ ಗುಂಡುಗಳನ್ನೂ ಇದು ಚೆನ್ನಾಗಿಯೇ ಹಾರಿಸುತ್ತದೆ. ತೆಳು ಕವಚದ ಹಗುರ ಗುಂಡುಗಳನ್ನು ಅತಿ ವೇಗದಲ್ಲಿ ಹೊಡೆಯುವವರು ಮಾತ್ರ ಎಚ್ಚರದಿಂದಿರಬೇಕು, ಬಿರುಸು ತಿರುಪಿಗೆ ಅವು ಗಾಳಿಯಲ್ಲೇ ಒಡೆದು ಪುಡಿಯಾಗುವುದುಂಟು. ಹಗುರ ಗುಂಡುಗಳನ್ನೇ ಹೊಡೆಯುತ್ತ, ಕಾಗದದಲ್ಲಿ ದುಂಡು ತೂತುಗಳನ್ನೇ ಕಾಣುತ್ತಿರುವವರಿಗೆ ಈ ನಳಿಗೆಯ ಅಗತ್ಯವಿಲ್ಲ. ಆ ದುಡ್ಡಿಗೆ ತೋಟಾ ಕೊಳ್ಳುವುದು ಮೇಲು.